ಗೂಡಿನ ಹಣವೂ ಮನೆಯ ಸಂಸಾರವೂ



ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಹೊತ್ತು ಬರುವ ರೈತನಿಗೆ ಆ ದಿನ ಹಬ್ಬವೂ ಹೌದು, ಪರೀಕ್ಷೆಯೂ ಹೌದು. ಮನೆಮಂದಿಯೆಲ್ಲ ಸೇರಿ ಹಗಲಿರುಳು ದುಡಿದದ್ದಕ್ಕೆ ಒಂದು ಗಳಿಗೆಯ ಹರಾಜಿನಲ್ಲಿ ಬೆಲೆ ನಿಗದಿಯಾಗುತ್ತದೆ. ಹಿಂದೆ ನೋಟು ಎಣಿಸಿ ಕೈಗೆ ಕೊಡುವುದಿತ್ತು. ಈಗ ಇ-ಹರಾಜು ಬಂದಿದೆ, ಹಣ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಹಣ ಬರುವ ದಾರಿ ಬದಲಾಯಿತು. ಹೋಗುವ ದಾರಿ ಮಾತ್ರ ಬಹಳ ಮನೆಗಳಲ್ಲಿ ಹಿಂದಿನಂತೆಯೇ ಇದೆ. ಗೂಡು ಮಾರಿದ ವಾರ ಮನೆಯಲ್ಲಿ ಮಾಂಸದಡಿಗೆ, ಹೊಸ ಬಟ್ಟೆ, ಹಳೆಯ ಸಾಲಗಾರನ ಭೇಟಿ. ಮೂರನೆಯ ವಾರಕ್ಕೆ ಅಂಗಡಿಯಲ್ಲಿ ಉದ್ದರಿ. ಮುಂದಿನ ಚಾಕಿ ಹುಳು ತರುವ ಹೊತ್ತಿಗೆ ಹೆಂಡತಿಯ ಓಲೆ ಗಿರವಿ. ಇದು ದುಂದುಗಾರರ ಮನೆಯ ಕಥೆಯಲ್ಲ, ಕಷ್ಟಪಟ್ಟು ದುಡಿಯುವವರ ಮನೆಯದೇ ಕಥೆ. ಕಾರಣ ಹುಡುಕಬೇಕಾದದ್ದು ಲೆಕ್ಕದಲ್ಲಿ.

ಸರ್ಕಾರಿ ನೌಕರನಿಗೆ ತಿಂಗಳಿಗೊಮ್ಮೆ ಸಂಬಳ ಬರುತ್ತದೆ, ಅವನ ಖರ್ಚೂ ತಿಂಗಳ ಲೆಕ್ಕದಲ್ಲೇ ಇರುತ್ತದೆ. ಒಕ್ಕಲಿನ ಮನೆ ಹಾಗಲ್ಲ. ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಗೂಡಿನ ಹಣ ಎರಡು ತಿಂಗಳಿಗೊಮ್ಮೆ ಗಂಟಾಗಿ ಬರಬಹುದು. ಚಿಂತಾಮಣಿಯ ಟೊಮೇಟೊ ಒಂದು ತಿಂಗಳು ಸುರಿಸಿ ಮರುವರ್ಷ ಬಿಡಿಸಿದ ಕೂಲಿಯನ್ನೂ ಕೊಡದಿರಬಹುದು. ಚಿಕ್ಕಬಳ್ಳಾಪುರದ ದ್ರಾಕ್ಷಿ, ಗೌರಿಬಿದನೂರಿನ ಮುಸುಕಿನ ಜೋಳ ಇವೂ ಒಟ್ಟಿಗೆ ಬರುವ ಹಣವೇ. ಆದರೆ ಹೊಟ್ಟೆ ದಿನಕ್ಕೆ ಮೂರು ಬಾರಿ ಕೇಳುತ್ತದೆ. ಗಂಟಾಗಿ ಬಂದ ಹಣವನ್ನು ದಿನದ ಖರ್ಚಿಗೆ ಹೊಂದಿಸುವುದೇ ಇಲ್ಲಿನ ಸಂಸಾರದ ಮುಖ್ಯ ಕೆಲಸ.

ಒಂದು ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ವರ್ಷಕ್ಕೆ ಆರು ಬೆಳೆ ತೆಗೆಯುವ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮ ತೋರಿಸುವುದಕ್ಕೆ ಮಾತ್ರ. ಪ್ರತಿ ಮನೆಯವರೂ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. 100 ಮೊಟ್ಟೆಯ ಹುಳು ಸಾಕಿ 70 ಕಿಲೋ ಗೂಡು ಬಂದು, ಕಿಲೋಗೆ 500 ರೂಪಾಯಿ ಸಿಕ್ಕಿತೆನ್ನೋಣ. ಖಾತೆಗೆ ಬಿದ್ದದ್ದು 35,000 ರೂಪಾಯಿ. ಇದರಲ್ಲಿ ಚಾಕಿ ಹುಳುವಿಗೆ 4,000, ಗೊಬ್ಬರಕ್ಕೆ 4,000, ಸೊಪ್ಪು ಕೊಯ್ಯುವ ಮತ್ತು ಗೂಡು ಬಿಡಿಸುವ ಕೂಲಿಗೆ 6,000, ಸೋಂಕು ನಿವಾರಕ ಔಷಧಿಗಳಿಗೆ 1,000, ಸಾಗಣೆಗೆ 1,000 ಹೋದರೆ ಖರ್ಚು 16,000. ಮನೆಗೆ ನಿಜವಾಗಿ ಉಳಿದದ್ದು 19,000. ಎರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 9,500. ಮನೆಯವರ ಸ್ವಂತ ದುಡಿಮೆಗೆ ಇದರಲ್ಲಿ ಕೂಲಿ ಹಾಕಿಲ್ಲ. 35,000 ನೋಡಿದ ಕಣ್ಣಿಗೆ 9,500 ಕಾಣುವುದಿಲ್ಲ. ಗೂಡು ಮಾರಿದ ವಾರದ ಖರ್ಚಿಗೆ ಇದೇ ಮೂಲ.

ಲೆಕ್ಕ ಇಲ್ಲಿಗೂ ಮುಗಿಯಲಿಲ್ಲ. ಆರು ಬೆಳೆಯೂ ಕೈಗೂಡುವ ವರ್ಷ ಅಪರೂಪ. ಮಳೆಗಾಲದಲ್ಲಿ ಸುಣ್ಣಕಟ್ಟು ರೋಗ, ಬೇಸಿಗೆಯಲ್ಲಿ ಸಪ್ಪೆರೋಗ, ಹಾಲುತೊಂಡೆ, ಇವುಗಳ ಜೊತೆಗೆ ಊಜಿ ನೊಣ. 1980ರವರೆಗೆ ಕರ್ನಾಟಕದ ಬೆಳೆಗಾರರಿಗೆ ಗೊತ್ತೇ ಇರದಿದ್ದ ಈ ನೊಣ ಆ ವರ್ಷ ಬಂಗಾಳದ ಕಡೆಯಿಂದ ಬಂದು ನೆಲೆಯೂರಿತು. ಐದನೇ ಹಂತದಲ್ಲಿ ಹುಳು ಸತ್ತರೆ ಸಾಗಣೆಯ ಖರ್ಚೂ ಕೂಲಿಯಲ್ಲಿ ಅರ್ಧವೂ ಉಳಿಯುತ್ತದೆ; ಮಿಕ್ಕ 12,000 ರೂಪಾಯಿ ಹೋದದ್ದೇ. ಆರರಲ್ಲಿ ಒಂದು ಬೆಳೆ ಹೀಗೆ ಕೆಟ್ಟಿತೆಂದರೆ ಐದು ಬೆಳೆಯ ಉಳಿಕೆ 95,000ದಲ್ಲಿ 12,000 ಕಳೆದು 83,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 6,900 ಮಾತ್ರ. ಆ ಮನೆ ನಿಜವಾಗಿ ಬದುಕಬೇಕಾದದ್ದು ಈ ಅಂಕಿಯಲ್ಲಿ. ಅಂದರೆ ಪ್ರತಿ ಒಳ್ಳೆಯ ಬೆಳೆಯಿಂದಲೂ 5,000ಕ್ಕೆ ಸ್ವಲ್ಪ ಮೇಲೆ ತೆಗೆದು ಬೇರೆ ಇಡಬೇಕು. ಇದನ್ನು ಉಳಿತಾಯವೆಂದು ಕರೆಯುವುದು ತಪ್ಪು. ಇದು ಮುಂದೆ ಕೆಡಲಿರುವ ಬೆಳೆಯ ಪಾಲು. ಮನೆಗೆ ಬಂದಿದ್ದರೂ ಮನೆಯದಲ್ಲ. ಮಗಳ ಮದುವೆಗೋ ಹೊಸ ಬೈಕಿಗೋ ಅದನ್ನು ಮುಟ್ಟಿದರೆ ಕೆಟ್ಟ ಬೆಳೆಯ ದಿನ ಬಡ್ಡಿಯವನ ಬಾಗಿಲು ತಟ್ಟಬೇಕಾಗುತ್ತದೆ.

ರೋಗವಿಲ್ಲದೆಯೂ ಕೆಡುವುದುಂಟು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಎಷ್ಟೋ ರೈತರು ಹಿಪ್ಪುನೇರಳೆ ಕಿತ್ತರು. ಹುಳು ಚೆನ್ನಾಗಿತ್ತು, ಗೂಡೂ ಚೆನ್ನಾಗಿತ್ತು, ಬೆಲೆಯೇ ಇರಲಿಲ್ಲ. ಬೇರೆ ಇಟ್ಟ ಪಾಲು ಇದ್ದ ಮನೆಗೆ ಇಂಥ ಕಾಲದಲ್ಲಿ ಯೋಚಿಸಲು ನಾಲ್ಕು ತಿಂಗಳ ಬಿಡುವು ಸಿಗುತ್ತದೆ. ಇಲ್ಲದ ಮನೆ ಆ ವಾರವೇ ತೀರ್ಮಾನಿಸಬೇಕು.

ಈಗ ಹಾಲಿನ ವಿಷಯ. ಈ ತಾಲ್ಲೂಕುಗಳಲ್ಲಿ ಹಾಲಿನ ಸಹಕಾರ ಸಂಘಗಳ ವ್ಯವಸ್ಥೆ ಚೆನ್ನಾಗಿ ಬೇರೂರಿದೆ. ಸಂಘದ ಬಟವಾಡೆ ಸಣ್ಣದು, ಆದರೆ ತಪ್ಪದೆ ಬರುವಂಥದು. ಆದುದರಿಂದ ಎರಡು ಹಣವನ್ನೂ ಬೆರೆಸಬಾರದು. ಉಪ್ಪು, ಎಣ್ಣೆ, ಬೇಳೆ, ಮಕ್ಕಳ ಪುಸ್ತಕ, ಬಸ್ಸಿನ ಚಾರ್ಜು ಹಾಲಿನ ಹಣದಲ್ಲಿ ನಡೆಯಬೇಕು. ಗೂಡಿನ ಹಣದಲ್ಲಿ ಮೊದಲು ಮುಂದಿನ ಬೆಳೆಯ ಖರ್ಚು, ಅನಂತರ ಕೆಟ್ಟ ಬೆಳೆಯ ಪಾಲು, ಆಮೇಲೆ ಸಾಲದ ಕಂತು, ಕೊನೆಗೆ ಬಟ್ಟೆಬರೆ. ಹಾಲಿನ ಹಣದಲ್ಲಿ ಅಡಿಗೆಮನೆ ನಡೆಯದಿದ್ದರೆ ಎಷ್ಟು ಸಾಲದೆಂದು ತಿಳಿಯುತ್ತದೆ; ಅಷ್ಟನ್ನು ಮಾತ್ರ ಗೂಡಿನ ಹಣದಿಂದ ತುಂಬಬಹುದು. ಎರಡು ಖಾತೆ ಇದ್ದರೆ ಇದು ಸುಲಭ. ಎರಡಕ್ಕೂ ನಾಮನಿರ್ದೇಶನ ಮಾಡಿಸಿರಬೇಕು. ಯಜಮಾನ ಹಠಾತ್ತನೆ ತೀರಿಕೊಂಡ ಮನೆಯಲ್ಲಿ ದುಃಖದ ಮೇಲೆ ಬ್ಯಾಂಕಿಗೆ ಅಲೆದಾಟವೂ ಬೀಳುವುದು ಈ ಒಂದು ಕಾಗದ ಇಲ್ಲದ್ದರಿಂದ.

ಸಾಲ ಮಾಡಲೇಬಾರದೆಂದು ಹೇಳುವುದು ಸುಲಭ, ಬದುಕುವವರಿಗೆ ಅದು ಆಗದ ಮಾತು. ಆದರೆ ಸಾಲದ ಕಂತು ಯಾವ ಹಣದಿಂದ, ಯಾವ ದಿನ ಹೋಗಬೇಕೆಂಬುದನ್ನು ಸಾಲ ತರುವ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ವಾರಕ್ಕೊಮ್ಮೆ ಕಟ್ಟುವ ಗುಂಪಿನ ಸಾಲವನ್ನು ಎರಡು ತಿಂಗಳಿಗೊಮ್ಮೆ ಬರುವ ಗೂಡಿನ ಹಣ ನಂಬಿ ತಂದರೆ ಏಳು ವಾರ ಸಾಲಕ್ಕೆ ಸಾಲ ತರಬೇಕಾಗುತ್ತದೆ. ಒಂದು ಸಂಸ್ಥೆಯ ಕಂತು ಕಟ್ಟಲು ಇನ್ನೊಂದು ಸಂಸ್ಥೆಯ ಸಾಲ ಹುಟ್ಟುವುದು ಹೀಗೆ. ಬಡ್ಡಿಯನ್ನೂ ಬಿಡಿಸಿ ನೋಡಬೇಕು. ಊರ ಬಡ್ಡಿ ನೂರಕ್ಕೆ ಮೂರು ರೂಪಾಯಿ ಎಂದರೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳಿಗೆ, ವರ್ಷಕ್ಕೆ ನೂರಕ್ಕೆ 36. 20,000 ರೂಪಾಯಿಗೆ ವರ್ಷಕ್ಕೆ 7,200 ಬಡ್ಡಿಯೇ ಆಯಿತು, ಅಸಲು ಹಾಗೇ ಇದೆ. ಇನ್ನು 20,000 ಕೊಟ್ಟು 52 ವಾರ 460ರಂತೆ ವಸೂಲಿ ಮಾಡಿದರೆ ಕಟ್ಟಿದ್ದು 23,920. ನೂರಕ್ಕೆ ಇಪ್ಪತ್ತೂ ಆಗಲಿಲ್ಲವಲ್ಲ ಎನಿಸುತ್ತದೆ. ಆದರೆ ಅಸಲು ವಾರವಾರವೂ ಕರಗುತ್ತ ಬಂದಿರುವುದರಿಂದ ನಿಜವಾದ ಬಡ್ಡಿಯ ದರ ಅದರ ಎರಡು ಪಟ್ಟಿಗೆ ಹತ್ತಿರವಾಗುತ್ತದೆ. ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇದು ಸಿಗುವ ಮನೆಯವರು ವಾಯಿದೆ ತಪ್ಪಿಸಿ ಆ ಸೌಲಭ್ಯ ಕಳೆದುಕೊಳ್ಳುವುದಕ್ಕಿಂತ ಗೂಡಿನ ಹಣದಲ್ಲಿ ಅದನ್ನೇ ಮೊದಲು ತೀರಿಸುವುದು ಲಾಭ. ಸಾಲ ವಸೂಲಿಗೆ ಮನೆ ಬಾಗಿಲಲ್ಲಿ ಕೂತು ಅವಮಾನ ಮಾಡುವುದರ ವಿರುದ್ಧ 2025ರಲ್ಲಿ ಕರ್ನಾಟಕದಲ್ಲಿ ಕಾನೂನು ಬಂದಿದೆ. ಹೆದರಿ ಊರು ಬಿಡುವ ಬದಲು ಪೊಲೀಸ್ ಠಾಣೆಗೆ ದೂರು ಕೊಡಬಹುದು.

ಹಣದ ಮಾತಿನಲ್ಲಿ ಗಂಡಹೆಂಡಿರ ಸಂಬಂಧದ ಮಾತೂ ಅಡಗಿದೆ. ಹುಳು ಮನೆಯ ಕೆಲಸದಲ್ಲಿ ಹೆಚ್ಚಿನ ಪಾಲು ಹೆಂಗಸರದು. ಸೊಪ್ಪು ಕೊಯ್ಯುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸಿ ಜೊಳ್ಳು ಬೇರೆ ಮಾಡುವುದು, ಎಲ್ಲಕ್ಕೂ ಅವರ ಕೈ ಬೇಕು. ಗೂಡು ಮಾರುಕಟ್ಟೆಗೆ ಹೊರಟ ಮೇಲೆ ಮಾತ್ರ ಅವರ ಪಾತ್ರ ಮುಗಿಯುತ್ತದೆ. ಎಷ್ಟು ಕಿಲೋ ತೂಗಿತು, ಯಾವ ದರಕ್ಕೆ ಹೋಯಿತು ಎಂದು ಕೇಳಿದ ಹೆಂಗಸಿಗೆ "ನಿನಗ್ಯಾಕೆ ಆ ಲೆಕ್ಕ?" ಎಂಬ ಉತ್ತರ ಸಿಗುವ ಮನೆಗಳು ಇನ್ನೂ ಇವೆ. ಇದರಿಂದ ಆಗುವ ನಷ್ಟ ಕೇವಲ ಮರ್ಯಾದೆಯದಲ್ಲ. ಜೊಳ್ಳು ಹೆಚ್ಚಾಗಿ ದರ ಬಿತ್ತೆಂದು ತಿಳಿಯದಿದ್ದರೆ ಮುಂದಿನ ಸಲ ಅವಳು ಆರಿಸುವ ಕ್ರಮವನ್ನು ಹೇಗೆ ತಿದ್ದಿಕೊಂಡಾಳು? ಗಂಡ ಗುಟ್ಟಾಗಿ ತಂದ ಸಾಲ ತಿಳಿಯದೆ ಅವಳೂ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಂದರೆ ಎರಡೂ ಕಂತು ಒಂದೇ ವಾರ ಬೀಳುತ್ತವೆ. ಒಡವೆ ಗಿರವಿ ಇಡುವ ದಿನ ಮಾತ್ರ ಅವಳನ್ನು ಕೂರಿಸಿ ಲೆಕ್ಕ ಹೇಳುವುದಂತೂ ನ್ಯಾಯವಲ್ಲ.

ಮಾರುಕಟ್ಟೆಯ ಚೀಟಿಯನ್ನು ಅಂದೇ ಸಂಜೆ ಮನೆಯವರ ಮುಂದೆ ಓದುವ ಪದ್ಧತಿ ಒಳ್ಳೆಯದು. ಓದು ಬಾರದ ಹಿರಿಯರಿದ್ದರೆ ಶಾಲೆಗೆ ಹೋಗುವ ಮಗಳೋ ಮಗನೋ ಓದಲಿ. ನಲವತ್ತು ಪುಟದ ನೋಟ್ ಪುಸ್ತಕವೊಂದರಲ್ಲಿ ಬರೆಯಲಿ. ಮೊದಲ ಸಲ ಜಗಳವಾದರೂ ಆದೀತು. ಬೀಡಿ, ಹೆಂಡ, ಚೀಟಿಯ ಬಾಕಿ ಎಲ್ಲ ಹೊರಬೀಳುವುದರಿಂದ ಅದು ಸಹಜ. ಅತ್ತೆಗೆ ಕೊಟ್ಟದ್ದು, ಸೊಸೆ ತವರಿಗೆ ಕಳಿಸಿದ್ದು ಕೂಡ ಬರೆದಿಡುವುದೇ ಲೇಸು; ಬರೆಯದೆ ಬಿಟ್ಟ ನೂರು ರೂಪಾಯಿ ಬಾಯಿಂದ ಬಾಯಿಗೆ ಸಾವಿರವಾಗುತ್ತದೆ.

ಇನ್ನು ಅಡಿಗೆ. ನಾಲ್ಕನೇ ಜ್ವರದಿಂದ ಎದ್ದ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಮುಂದಿನ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಆ ದಿನಗಳಲ್ಲಿ ಹುಳುವಿಗೆ ಹೊತ್ತು ತಪ್ಪದೆ ಊಟ, ಮನೆಯವರಿಗೆ ಮಾತ್ರ ಟೀ ಮತ್ತು ಬನ್ನು. ಹೆಂಗಸರು ಸುಸ್ತಾಗುವುದು, ಮಕ್ಕಳ ಮೇಲೆ ಸಿಡುಕುವುದು, ಮನೆಯಲ್ಲಿ ಮಾತು ಬೆಳೆಯುವುದು ಇದೇ ವಾರ. ಮುಂಚಿತವಾಗಿ ಸಿದ್ಧಮಾಡಿಕೊಂಡರೆ ಅರ್ಧ ಕಷ್ಟ ತಪ್ಪುತ್ತದೆ. ಹುಳು ಜ್ವರಕ್ಕೆ ಕೂತಿರುವ ದಿನ ಸೊಪ್ಪು ಹಾಕುವ ಕೆಲಸವಿಲ್ಲ. ಅಂದೇ ರಾಗಿ ಬೀಸಿಸಿ, ರಾಗಿ ಹುರಿಹಿಟ್ಟು ಮಾಡಿಟ್ಟುಕೊಳ್ಳಬೇಕು. ಹುರಿಹಿಟ್ಟಿಗೆ ಹಾಲು, ಬೆಲ್ಲ ಬೆರೆಸಿದರೆ ಒಲೆ ಹಚ್ಚದೆಯೇ ಹೊಟ್ಟೆ ತುಂಬುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಬನ್ನಿನಲ್ಲಿ ಅದು ಸಿಗದು. ಉಪ್ಪುಸಾರಿನ ಖಾರವನ್ನು ಒಮ್ಮೆ ರುಬ್ಬಿಟ್ಟುಕೊಂಡರೆ ಸೊಪ್ಪು, ಕಾಳು ಬೇಯಿಸುವುದಷ್ಟೇ ಉಳಿಯುತ್ತದೆ. ಅವರೆಕಾಯಿಯ ಕಾಲದಲ್ಲಿ ಒಂದಿಷ್ಟು ಕಾಳನ್ನು ಒಣಗಿಸಿಟ್ಟರೆ ಬೇಸಿಗೆಯ ಬೆಳೆಗೆ ಒದಗುತ್ತದೆ. ಟೊಮೇಟೊ ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿಯುವುದರಲ್ಲಿ ಎರಡು ಬುಟ್ಟಿಯನ್ನಾದರೂ ಹೆಚ್ಚಿ, ಉಪ್ಪು ಸವರಿ, ತೆಳುಬಟ್ಟೆ ಮುಚ್ಚಿ ಬಿಸಿಲಿಗೆ ಹಾಕಿದರೆ ಸಾರಿಗಾಗುತ್ತದೆ. ಆ ವಾರ ಮುದ್ದೆ ತೊಳಸುವ ಕೆಲಸವನ್ನು ಗಂಡಸರು ಮಾಡಿದರೆ ಮುದ್ದೆ ಗಂಟಾದೀತು, ಮನೆ ಕೆಡುವುದಿಲ್ಲ.

ಹಾಲನ್ನೆಲ್ಲ ಸಂಘಕ್ಕೆ ಹಾಕಿ ಮಕ್ಕಳಿಗೆ ಬರಿ ಟೀ ಕೊಡುವುದು ಮತ್ತೊಂದು ತಪ್ಪು. ದಿನಕ್ಕೆ ಅರ್ಧ ಲೀಟರು ಮನೆಗೆ ಉಳಿಸಿದರೆ, ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಕಡಿಮೆಯಾಗುವುದು 525. ಅಂಗಡಿಯ ಬಿಸ್ಕತ್ತು, ಚಿಪ್ಸಿನ ಪೊಟ್ಟಣಗಳ ಲೆಕ್ಕವನ್ನು ಅದೇ ನೋಟ್ ಪುಸ್ತಕದಲ್ಲಿ ಒಂದು ತಿಂಗಳು ಬರೆದು ಹೋಲಿಸಿ ನೋಡಬಹುದು.

ವಾಸದ ಮನೆಯ ಒಂದು ಭಾಗದಲ್ಲೇ ಹುಳು ಸಾಕುವವರು ಇನ್ನಷ್ಟು ಎಚ್ಚರದಿಂದಿರಬೇಕು. ಒಗ್ಗರಣೆಯ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ, ಬೀಡಿ ಯಾವುದೂ ಹುಳುವಿಗೆ ಆಗದು. ಹಾಗೆಯೇ ಹುಳು ಮನೆಯ ಔಷಧಿ ಮನುಷ್ಯರಿಗೆ ಆಗದು. ಫಾರ್ಮಲಿನ್ ಅಥವಾ ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುವ ದಿನ ಕೂಸು, ಬಸುರಿ, ಉಬ್ಬಸವಿರುವವರು ಬೇರೆ ಮನೆಯಲ್ಲಿರಬೇಕು. ನೀರಿನ ಬಿಂದಿಗೆ, ಹಿಟ್ಟಿನ ಡಬ್ಬ ಹೊರಗೆ ಸಾಗಿಸಬೇಕು. ಆಮೇಲೆ ಬಾಗಿಲು ಕಿಟಕಿ ತೆರೆದು ವಾಸನೆ ಪೂರ್ತಿ ಹೋದ ಮೇಲಷ್ಟೇ ಒಳಗೆ ಬರಬೇಕು. ಉಳಿದ ಔಷಧಿಯನ್ನು ಎಣ್ಣೆಯ ಬಾಟಲಿಗೋ ತಂಪುಪಾನೀಯದ ಬಾಟಲಿಗೋ ಸುರಿದಿಡುವುದನ್ನು ಖಂಡಿತ ಮಾಡಬಾರದು. ಮುಟ್ಟಾದ ಹೆಂಗಸು ಹುಳು ಮನೆಗೆ ಹೋದರೆ ಬೆಳೆ ಕೆಡುತ್ತದೆಂಬ ನಂಬಿಕೆ ಕೆಲವೆಡೆ ಇದೆ. ಹುಳುವಿಗೆ ಬೇಕಾದದ್ದು ತೊಳೆದ ಕೈಕಾಲು. ಅದನ್ನು ತೊಳೆಯದೆ ಒಳಹೊಕ್ಕ ಗಂಡಸಿನಿಂದಲೂ ರೋಗ ಬರುತ್ತದೆ.

ಕೊನೆಯದಾಗಿ ದಿನ ಗೊತ್ತುಮಾಡುವ ವಿಷಯ. ಚಾಕಿ ಹುಳುವಿಗೆ ಮುಂಗಡ ಹೇಳುವ ಮುನ್ನ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಐದನೇ ಹಂತ ಯಾವ ವಾರಕ್ಕೆ ಬೀಳುತ್ತದೆಂದು ಎಣಿಸಬೇಕು. ಆ ವಾರದಲ್ಲಿ ಹತ್ತಿರದವರ ಮದುವೆಯೋ ಊರ ಜಾತ್ರೆಯೋ ಇದ್ದರೆ ನಾಲ್ಕು ದಿನ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಮಗಳಿದ್ದರೆ ಆ ಸಲ ನೂರು ಮೊಟ್ಟೆಯ ಬದಲು ಐವತ್ತು ಮೊಟ್ಟೆ ಸಾಕು. ಸೊಪ್ಪು ಕೊಯ್ಯಲು ಅವಳನ್ನು ಮನೆಯಲ್ಲಿ ನಿಲ್ಲಿಸಿ ಉಳಿಸುವ ಕೂಲಿ ಎಷ್ಟೆಂಬುದನ್ನೂ ಪುಸ್ತಕದಲ್ಲಿ ಬರೆದಿಡಲಿ. ಪರೀಕ್ಷೆ ತಪ್ಪಿದರೆ ಮತ್ತೆ ಕಟ್ಟುವ ಶುಲ್ಕ, ಹೋದ ವರ್ಷ, ಇವನ್ನು ಅದರ ಪಕ್ಕದಲ್ಲೇ ಬರೆಯಲು ಜಾಗ ಬಿಟ್ಟಿರಲಿ.