ಟ್ರಾಕ್ಟರಿನ ಬ್ರೇಕು

ಎತ್ತಿನ ಲಾಳ ಸವೆದರೆ ಅದು ಕುಂಟುತ್ತದೆ, ನಮಗೆ ಗೊತ್ತಾಗುತ್ತದೆ. ಟ್ರಾಕ್ಟರಿನ ಬ್ರೇಕು ಸವೆದದ್ದು ಮಾತ್ರ, ಟೊಮೇಟೊ ಹೇರಿಕೊಂಡು ವಡ್ಡಹಳ್ಳಿಗೋ ಕೋಲಾರಕ್ಕೋ ಹೊರಟು ಇಳಿಜಾರಿಗೆ ಬಂದಾಗಲೇ ತಿಳಿಯೋದು. ಎಷ್ಟೋ ಟ್ರೈಲರುಗಳಿಗೆ ಬ್ರೇಕೇ ಇರದು. ಹಿಂದಿನ ಭಾರವನ್ನೆಲ್ಲ ಟ್ರಾಕ್ಟರೇ ತಡೆಯಬೇಕು.

ಹಳೆಯ ಟ್ರಾಕ್ಟರುಗಳ ಒಣ ಬ್ರೇಕಿಗೆ ಬೇಸಿಗೆಯಲ್ಲಿ ನಮ್ಮ ಕೆಂಪು ಧೂಳು ಸೇರಿ ಲೈನಿಂಗನ್ನು ತೇಯುತ್ತದೆ. ಮಳೆಯಲ್ಲಿ ನೀರು ಹೊಕ್ಕರೆ ಹಿಡಿತವೇ ತಪ್ಪುತ್ತದೆ. ಹಳ್ಳ ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಪೆಡಲನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ. ಆ ಬಿಸಿಗೆ ಒದ್ದೆ ಆರುತ್ತದೆ.

ಇನ್ನು ಎರಡು ಪೆಡಲುಗಳ ಮಾತು. ಉಳುವಾಗ ತಿರುಗಲಿಕ್ಕೆ ಒಂದೊಂದನ್ನೇ ಒತ್ತುತ್ತೀರಿ, ಸರಿ. ರಸ್ತೆಗೆ ಏರುವ ಮುನ್ನ ಕೊಂಡಿ ಹಾಕಿ ಎರಡನ್ನೂ ಜೋಡಿಸಿ. ಮರೆತರೆ ಒಂದೇ ಚಕ್ರ ನಿಂತು, ಟ್ರಾಕ್ಟರು ಪಕ್ಕಕ್ಕೆ ಎಳೆದು ಮಗುಚೀತು. ಒಂದೇ ಕಡೆ ಹೆಚ್ಚು ಒತ್ತಿ ಉತ್ತಿದ್ದರೆ ಆ ಕಡೆಯ ಬ್ರೇಕು ಬೇಗ ಸವೆದಿರುತ್ತದೆ. ಬಯಲಿನಲ್ಲಿ ಬರಿಗಾಡಿ ಓಡಿಸಿ ಬ್ರೇಕು ಹಾಕಿ ನೋಡಿ. ಒಂದು ಕಡೆಗೆ ಎಳೆದರೆ ಮೆಕ್ಯಾನಿಕ್ಕಿನಿಂದ ಸಮ ಮಾಡಿಸಿ.

ಡೀಸೆಲ್ ಉಳಿಯಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ಬೇಡಿ ಅಣ್ಣಾ, ಕೆಳ ಗೇರಿನಲ್ಲೇ ಇಳಿಸಿ.

ಅಕ್ಕಂದಿರೇ, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿ ಕಳಿಸಬೇಡಿ. ಯಜಮಾನರು ಹೊರಡುವಾಗ ಕೊಂಡಿ ಹಾಕಿದಿರಾ ಅಂತ ಒಂದು ಮಾತು ಕೇಳಿ.