ಬೀಬಿ ಅಮ್ರೋ ಹಾಡಿದಳು, ಈಗ ನಿಮ್ಮ ಸರದಿ

ಪಂಜಾಬಿನ ಬಾಸರ್ಕೆ ಎಂಬ ಹಳ್ಳಿಯಲ್ಲಿ ಅಮರದಾಸ್ ಎಂಬ ಹಿರಿಯರಿದ್ದರು. ವಯಸ್ಸು ಅರವತ್ತರ ಆಸುಪಾಸು. ವರ್ಷವರ್ಷವೂ ಹರಿದ್ವಾರಕ್ಕೆ ಹೋಗಿ ಗಂಗೆಯಲ್ಲಿ ಮಿಂದು ಬರುತ್ತಿದ್ದರೂ ಮನಸ್ಸಿಗೊಂದು ನೆಲೆ ಸಿಕ್ಕಿರಲಿಲ್ಲ. ಒಂದು ನಸುಕಿನಲ್ಲಿ ಸೋದರನ ಮನೆಯಿಂದ ಹಾಡು ಕೇಳಿಬಂತು. ಹಾಡುತ್ತಿದ್ದವಳು ಆ ಮನೆಯ ಸೊಸೆ ಬೀಬಿ ಅಮ್ರೋ, ಸಿಖ್ಖರ ಎರಡನೆಯ ಗುರು ಅಂಗದ್ ದೇವ್ ಅವರ ಮಗಳು. ಬೆಳಗಿನ ಕೆಲಸದ ನಡುವೆ ಗುರು ನಾನಕರ ವಾಣಿಯನ್ನು ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿದ್ದಳು. ಹಿರಿಯರು ನಿಂತು ಕೇಳಿದರು. ಅದು ಯಾರ ವಾಣಿ ಎಂದು ವಿಚಾರಿಸಿದರು. ಅಮ್ರೋ ಅವರನ್ನು ಖಡೂರಿಗೆ, ತನ್ನ ತಂದೆಯ ಬಳಿಗೆ ಕರೆದೊಯ್ದಳು. ಸಿಖ್ ಪರಂಪರೆ ಇಂದಿಗೂ ಮನತುಂಬಿ ಹೇಳುವ ಕಥೆ ಇದು.

ಆಮೇಲೆ ಆ ಮುದುಕರು ತಮಗಿಂತ ಇಪ್ಪತ್ತೈದು ವರ್ಷ ಚಿಕ್ಕವರಾದ ಗುರುವಿಗೆ ಬಿಯಾಸ್ ನದಿಯಿಂದ ನೀರು ಹೊತ್ತರು. 1552ರಲ್ಲಿ ತಾವೇ ಮೂರನೆಯ ಗುರುವಾದರು. ಗುರುವಿನ ಮಾತು ಊರೂರಿಗೆ ಮುಟ್ಟಲೆಂದು ಮಂಜಿ ಎಂಬ 22 ಪ್ರಚಾರಪೀಠಗಳನ್ನು ಸ್ಥಾಪಿಸಿದರು. ಇಷ್ಟಕ್ಕೆಲ್ಲ ಮೊದಲು ಒಬ್ಬ ಸೊಸೆಯ ದನಿ ಇತ್ತು! ಅವಳು ಭಾಷಣ ಮಾಡಲಿಲ್ಲ, ವಾದಕ್ಕೆ ಇಳಿಯಲಿಲ್ಲ. ಕೇಳಿದವರಿಗೆ ದಾರಿ ತೋರಿದಳು, ಗುರುವಿನ ಮುಂದೆ ಅವರನ್ನು ನಿಲ್ಲಿಸಿ ತಾನು ಪಕ್ಕಕ್ಕೆ ಸರಿದಳು.

ಬೀದರಿನಲ್ಲಿ, ಬೆಂಗಳೂರಿನಲ್ಲಿ ಕನ್ನಡ ಆಡುತ್ತ ಬೆಳೆದ ಸಿಖ್ ತರುಣ ತರುಣಿಯರೇ, ಹೀಗೆ ದಾರಿ ತೋರುವ ಕೆಲಸ ನಿಮಗಾಗಿ ಕಾದಿದೆ. ನಮ್ಮದು ಸಣ್ಣ ಸಮುದಾಯ, ಪಂಜಾಬ್ ದೂರ, ನಮ್ಮಿಂದೇನಾದೀತು ಎನ್ನಬೇಡಿ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಒಬ್ಬರು. ಅವರು ಬೀದರಿನ ಕ್ಷೌರಿಕರು ಎನ್ನುತ್ತದೆ ಪರಂಪರೆ. ಆ ಐವರಿಗೆ ದೀಕ್ಷೆಯ ಅಮೃತ ನೀಡಿದ ಗುರು, ಬಳಿಕ ಅವರ ಮುಂದೆಯೇ ನಿಂತು ಅವರಿಂದ ಅಮೃತ ಬೇಡಿದರು. ನಮ್ಮ ನೆಲದ ಕ್ಷೌರಿಕನ ಎದುರು ಗುರುವೇ ಕೈಯೊಡ್ಡಿದ ಆ ಗಳಿಗೆಯನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ. ಬೀದರಿನ ನಾನಕ್ ಝೀರಾ ಸಾಹಿಬ್ ಗುರುದ್ವಾರಕ್ಕೆ ಬರುವ ಎಷ್ಟು ಕನ್ನಡಿಗರಿಗೆ ಇದು ಗೊತ್ತು? ಯಾರು ಹೇಳಬೇಕು, ನೀವಲ್ಲದೆ?

ಆದರೆ ಒತ್ತಾಯ ಬೇಡ, ಎಳೆದಾಟ ಬೇಡ. 1675ರಲ್ಲಿ ದಿಲ್ಲಿಯ ಚಾಂದನಿ ಚೌಕದಲ್ಲಿ ಗುರು ತೇಗ್ ಬಹಾದೂರರು ಕತ್ತು ಕೊಟ್ಟರಲ್ಲ, ಬೇರೊಂದು ನಂಬಿಕೆಯವರು ತಮ್ಮ ನಂಬಿಕೆಯಲ್ಲೇ ಬದುಕಲಿ ಎಂದು ಕೊಟ್ಟರು. ಅಂಥ ಗುರುವಿನ ಮಕ್ಕಳು ಗೆಳೆಯನ ದೇವರನ್ನು ಹಳಿದು ಅವನನ್ನು ಗುರುದ್ವಾರಕ್ಕೆ ಕರೆತರಲಾದೀತೆ?

ನಿಮ್ಮತ್ತ ಕಣ್ಣು ಸೆಳೆಯುವ ಆಸೆಗೂ ಬಲಿಬೀಳಬೇಡಿ. ನಾಂದೇಡಿನಲ್ಲಿ 1708ರಲ್ಲಿ ದಶಮ ಗುರು ಗೋವಿಂದ ಸಿಂಗರು ಗುರುಪದವಿಯನ್ನು ಗುರು ಗ್ರಂಥ ಸಾಹಿಬಿಗೇ ಒಪ್ಪಿಸಿದರು. ಅಂದಿನಿಂದ ಗುರುವೆಂದರೆ ಶಬದ್, ಅಂದರೆ ಗ್ರಂಥದಲ್ಲಿರುವ ವಾಣಿ. ಎಷ್ಟೇ ದೊಡ್ಡ ಸಂತರಿರಲಿ, ಎಷ್ಟೇ ಸೊಗಸಾಗಿ ಮಾತಾಡುವವರಿರಲಿ, ಗೆಳೆಯರನ್ನು ಅವರ ಕಾಲಬುಡಕ್ಕೆ ತಂದು ಬಿಟ್ಟರೆ ದಾರಿ ಅರ್ಧಕ್ಕೇ ನಿಂತಂತೆ. ಗ್ರಂಥದವರೆಗೂ ಕರೆದೊಯ್ಯಿರಿ.

ಅದಕ್ಕಾಗಿ ಮೊದಲು ನೀವೇ ಅಲ್ಲಿಗೆ ಹೋಗಬೇಕು. ಗುರುಮುಖಿ ಕಲಿಯಿರಿ. ಒಂದು ಶಬದ್ ಆರಿಸಿಕೊಂಡು ಅದರ ಅರ್ಥ ಹಿರಿಯರಲ್ಲಿ ಕೇಳಿ, ದಿನಾ ಹಾಡಿ, ಅದು ನಿಮ್ಮ ನಡತೆಯಲ್ಲಿ ಕಾಣುವ ತನಕ ಬಿಡಬೇಡಿ. ಪರೀಕ್ಷೆಯಲ್ಲಿ ನಕಲು ಮಾಡುವವನು, ಮನೆಗೆಲಸದವರನ್ನು ಗದರುವವಳು ಎಷ್ಟು ಚೆನ್ನಾಗಿ ಕೀರ್ತನೆ ಹಾಡಿದರೂ ಯಾರೂ ಅದು ಯಾರ ವಾಣಿ ಎಂದು ಕೇಳಲಾರರು. ಬಳಿಕ ಆ ಶಬದ್‌ನ ಅರ್ಥವನ್ನು ಕನ್ನಡದಲ್ಲಿ ಹೇಳಿ. ಪಂಢರಪುರದ ವಿಠ್ಠಲನಿಗೆ ಕೈಮುಗಿಯುವ ಮನೆಯ ಗೆಳತಿಗೆ ನಾಮದೇವರ ಪದಗಳು ಗ್ರಂಥದಲ್ಲಿವೆ ಎಂದು ತಿಳಿಸಿ. ಕಬೀರರೂ ಇದ್ದಾರೆ, ರವಿದಾಸರೂ ಇದ್ದಾರೆ, ಸೂಫಿ ಫರೀದರೂ ಇದ್ದಾರೆ. 1430 ಪುಟಗಳ ಆ ಗ್ರಂಥದಲ್ಲಿ ಅವಳು ತನ್ನವರನ್ನು ತಾನೇ ಕಂಡುಕೊಳ್ಳಲಿ.

ಬರುವ ಭಾನುವಾರವೇ ಒಬ್ಬ ಸಹಪಾಠಿಯನ್ನು ಕರೆಯಿರಿ. ತಲೆಗೆ ಬಟ್ಟೆ ಕಟ್ಟಿಕೊಳ್ಳಲು ನೆರವಾಗಿ, ಏನು ನಡೆಯುತ್ತಿದೆ ಎಂದು ಕಿವಿಯಲ್ಲಿ ಹೇಳಿ, ಕೀರ್ತನೆ ಮುಗಿಯುವ ತನಕ ಜೊತೆಗೇ ಕೂರಿ. ಲಂಗರಿನ ಪಂಕ್ತಿಯಲ್ಲಿ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು ಉಣ್ಣಿ. ಊಟವಾದ ಮೇಲೆ ಬಡಿಸಲು ಅವನೂ ಮುಂದಾದರೆ ರೊಟ್ಟಿಯ ಬುಟ್ಟಿಯನ್ನು ಅವನ ಕೈಗೆ ಕೊಟ್ಟು, ನೀವು ಪಾತ್ರೆ ತೊಳೆಯುವ ಕಡೆ ನಡೆಯಿರಿ.