ನೋಯುವ ಉಗುರೆಲ್ಲ ಉಗುರುಸುತ್ತಲ್ಲ



ಬೆರಳ ತುದಿ ನೋಯತೊಡಗಿದರೆ ಅಕ್ಕಿಆಲೂರಿನ ಸುತ್ತಣ ಹಳ್ಳಿಗಳಲ್ಲಿ ಮೊದಲು ಕೇಳಿಬರುವ ಹೆಸರು ಉಗುರುಸುತ್ತು. ಮೊದಲು ನಡೆಯುವ ಉಪಚಾರ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸುವುದು. ಭತ್ತದ ಗದ್ದೆಯ ಕೆಸರಿನಲ್ಲಿಯೂ ಮುಸುರೆಯ ನೀರಿನಲ್ಲಿಯೂ ಸದಾ ಕೈ ನೆನೆಯುವವರಿಗೆ ಉಗುರುಸುತ್ತು ಬರುವುದು ನಿಜ. ಆದರೆ ಅದರಲ್ಲಿ ಉಗುರಿನ ಅಂಚು ಕೆಂಪಾಗಿ ಊದಿಕೊಳ್ಳುತ್ತದೆ, ಕೀವೂ ಕಟ್ಟಬಹುದು. ಊತವಿಲ್ಲ, ಕೀವಿಲ್ಲ, ನೋವು ಮಾತ್ರ ತಿಂಗಳುಗಟ್ಟಲೆ ಬಿಡದು ಎಂದಾದರೆ ಬೇರೆ ಕಾರಣವನ್ನು ಹುಡುಕಬೇಕು.

ಉಗುರಿನಡಿಯ ಚರ್ಮದಲ್ಲಿ ಶೀತೋಷ್ಣಕ್ಕೆ ತಕ್ಕಂತೆ ರಕ್ತದ ಹರಿವನ್ನು ನಿಯಂತ್ರಿಸುವ ಅತಿ ಸೂಕ್ಷ್ಮ ರಚನೆಗಳಿವೆ. ಇವಕ್ಕೆ ಗ್ಲೋಮಸ್ ಎಂದು ಹೆಸರು. ಇವುಗಳ ಜೀವಕೋಶಗಳು ಮಿತಿಮೀರಿ ಬೆಳೆದಾಗ ಗ್ಲೋಮಸ್ ಗಡ್ಡೆಯಾಗುತ್ತದೆ. 30ರಿಂದ 50 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ಇದು ಹೆಚ್ಚು. ಗಡ್ಡೆ ಅನೇಕ ವೇಳೆ ಜೋಳದ ಕಾಳಿನಷ್ಟೇ ಇರುತ್ತದೆ; ನೋವು ಮಾತ್ರ ಗಾತ್ರವನ್ನು ಮೀರಿದ್ದು. ತಣ್ಣೀರಿನಲ್ಲಿ ಕೈಯಿಟ್ಟೊಡನೆ ತೋಳಿನವರೆಗೂ ಚಳುಕು ಹೊಡೆಯಬಹುದು. ಗುಂಡುಸೂಜಿಯ ತಲೆಯಿಂದ ಒತ್ತಿದರೆ ಒಂದೇ ಬಿಂದುವಿನಲ್ಲಿ ರೋಗಿಯು ಕೈ ಸೆಳೆದುಕೊಳ್ಳುತ್ತಾಳೆ. ಅದರ ಪಕ್ಕದಲ್ಲಿ ಒತ್ತಿದರೆ ಏನೂ ಇಲ್ಲ. ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ತೋಳಿಗೆ ಬಿಗಿದಾಗ ನೋವು ತಗ್ಗುವುದೂ ಒಂದು ಗುರುತು. ಈ ಪರೀಕ್ಷೆಗಳಿಗೆ ದೊಡ್ಡ ಯಂತ್ರಗಳು ಬೇಕಿಲ್ಲ.

ಹೊರಗೆ ಗಾಯ ಕಾಣದ ಕಾರಣ ಇದನ್ನು ಕೆಲಸ ತಪ್ಪಿಸುವ ನೆವವೆಂದು ಮನೆಯವರು ಭಾವಿಸುವುದುಂಟು. ಇದು ಅನ್ಯಾಯ. ಹಗಲಿನ ಬೆಳಕಿನಲ್ಲಿ ಉಗುರನ್ನು ನಿಧಾನವಾಗಿ ನೋಡಿರಿ: ಕೆಂಪು ಅಥವಾ ನೀಲಿ ಛಾಯೆಯ ಚುಕ್ಕೆ, ಉದ್ದಕ್ಕೆ ಒಂದು ಕೆಂಪು ಗೆರೆ, ಗೆರೆಯ ತುದಿಯಲ್ಲಿ ಉಗುರಿನ ಸೀಳು ಕಂಡೀತು. ಮದರಂಗಿ ಹಚ್ಚಿಕೊಂಡು ಆಸ್ಪತ್ರೆಗೆ ಬಂದರೆ ಇವೆಲ್ಲ ಮರೆಯಾಗುತ್ತವೆ.

ಕೊನೆಯ ಗೆಣ್ಣಿನ ಬಳಿ ಹೊಳೆಯುವ ಮೃದುವಾದ ಗುಳ್ಳೆಯೆದ್ದು ಉಗುರಿನ ಉದ್ದಕ್ಕೆ ಕಾಲುವೆಯಂತಹ ತಗ್ಗು ಬಿದ್ದರೆ ಅದು ಲೋಳೆ ತುಂಬಿದ ಗುಳ್ಳೆ. ದಯವಿಟ್ಟು ಅದನ್ನು ಸೂಜಿಯಿಂದ ಚುಚ್ಚಬೇಡಿರಿ. ಸೋಂಕು ಕೀಲಿಗೇ ಇಳಿಯಬಹುದು. ಉಗುರನ್ನು ಮೇಲೆತ್ತುವ ಗಟ್ಟಿ ಗಂಟು ಎಲುಬಿನ ಬೆಳವಣಿಗೆಯಾಗಿರಬಹುದು. ಕ್ಷ-ಕಿರಣ ಚಿತ್ರದಲ್ಲಿ ತಿಳಿಯುತ್ತದೆ. ಇವಾವುವೂ ಕ್ಯಾನ್ಸರ್ ಅಲ್ಲ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಪಟ್ಟೆಯನ್ನು, ನೋವಿಲ್ಲದಿದ್ದರೂ, ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು.

ಗ್ಲೋಮಸ್ ಗಡ್ಡೆಗೆ ಮುಲಾಮು, ಮಾತ್ರೆಗಳಿಂದ ಗುಣವಿಲ್ಲ. ಬೆರಳನ್ನಷ್ಟೇ ಮರಗಟ್ಟಿಸಿ ಶಸ್ತ್ರಚಿಕಿತ್ಸಕರು ಅದನ್ನು ಪೂರ್ಣವಾಗಿ ತೆಗೆಯುತ್ತಾರೆ. ಚೂರು ಉಳಿದರೆ ನೋವು ಮರುಕಳಿಸಬಹುದು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಹೊಸ ಉಗುರು ತುದಿ ಮುಟ್ಟಲು 6 ತಿಂಗಳು ಹಿಡಿದೀತು. ತಣ್ಣೀರಿನ ಭಯ ಹೋಗಲು ಅಷ್ಟು ಕಾಲ ಬೇಕಾಗುವುದಿಲ್ಲ.